ಊರೊಳಗೆ ಆಯಿಲ್ ಕುಡಿಯದ ಹಳೇ ಡೀಸೆಲ್ ಕಾರು ಹೈವೇಯಲ್ಲಿ ಯಾಕೆ ಕುಡಿಯುತ್ತದೆ?

ಅಪ್ಪನ_ಕಾರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಉತ್ತರ ಕೊಡಿ.

ನನ್ನದು 2.0 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇರುವ ಹಳೇ ಡೀಸೆಲ್ ಕಾರು. ಐದು ಗೇರ್. 2,40,000 ಕಿ.ಮೀ. ಓಡಿದೆ. ಅಪ್ಪ ಓಡಿಸುತ್ತಿದ್ದ ಗಾಡಿ. ಅವರು ಸ್ಟಿಯರಿಂಗ್ ಬಿಟ್ಟ ಮೇಲೆ ನನ್ನ ಕೈಗೆ ಬಂತು. ಮಾರುವ ಮಾತೇ ಇಲ್ಲ.

ಊರೊಳಗೆ ದಿನಾ ಓಡಿಸುತ್ತೇನೆ. 3000 ಕಿ.ಮೀ. ಆದರೂ ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಒಂದು ಗೆರೆಯೂ ಇಳಿಯುವುದಿಲ್ಲ. ಹೋದ ವಾರ ಹೈವೇಯಲ್ಲಿ ಹೋಗಿ ಬಂದೆ, ಎರಡೂ ಕಡೆ ಸೇರಿ 900 ಕಿ.ಮೀ. ವಾಪಸ್ ಬಂದು ನೋಡಿದರೆ ಮೇಲಿನ ಗುರುತಿನಲ್ಲಿದ್ದ ಆಯಿಲ್ ಕೆಳಗಿನ ಗುರುತಿನ ಹತ್ತಿರ ಬಂದಿದೆ. ಮತ್ತೆ ಮೇಲಕ್ಕೆ ತರಲು 800 ಮಿ.ಲೀ. ಹಿಡಿಯಿತು. ನಿಲ್ಲಿಸಿದ ಜಾಗದಲ್ಲಿ ಒಂದು ಹನಿ ಬಿದ್ದಿಲ್ಲ. ಕನ್ನಡಿಯಲ್ಲಿ ನೋಡಿದಾಗ ಹೊಗೆಯೂ ಕಾಣಲಿಲ್ಲ.

ಮೆಕ್ಯಾನಿಕ್ ಒಬ್ಬರು ನೋಡಿ, "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದರು. ರಿಂಗ್ ಹೋಗಿದ್ದರೆ ಊರೊಳಗೂ ಕುಡಿಯಬೇಕಿತ್ತು ಅಲ್ವಾ? 800 ಮಿ.ಲೀ. ಹೋಗಿದ್ದೆಲ್ಲಿ?

ಗ್ಯಾರೇಜ್_ಕೈ

ಎಂಜಿನ್ ಇಳಿಸಬೇಡಿ. ಇನ್ನೂ ಒಂದು ನಟ್ಟೂ ಬಿಚ್ಚಬೇಡಿ. ಮೊದಲು ಇಷ್ಟು ಹೇಳಿ.

ಹೈವೇಯಲ್ಲಿ ಎಷ್ಟು ಸ್ಪೀಡ್, ಆಗ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಎಷ್ಟು? ಈಗ ಯಾವ ಗ್ರೇಡ್ ಆಯಿಲ್ ಇದೆ, ಕಾರಿನ ಪುಸ್ತಕದಲ್ಲಿ ಯಾವ ಗ್ರೇಡ್ ಬರೆದಿದೆ? ಆಯಿಲ್ ನೋಡಿದ್ದು ಎಂಜಿನ್ ಆಫ್ ಮಾಡಿ ಎಷ್ಟು ಹೊತ್ತಿನ ಮೇಲೆ? ಬ್ರೀದರ್ ಪೈಪನ್ನು ಯಾವತ್ತಾದರೂ ಬಿಚ್ಚಿ ತೊಳೆದಿದ್ದೀರಾ?

ಅಪ್ಪನ_ಕಾರು

ಹೆಚ್ಚು ಹೊತ್ತು 110ರಲ್ಲೇ ಇದ್ದೆ. ಟಾಪ್ ಗೇರ್‌ನಲ್ಲಿ 3300 ಆರ್‌ಪಿಎಂ ತೋರಿಸುತ್ತಿತ್ತು. ಪುಸ್ತಕದಲ್ಲಿ 10ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಎಂದಿದೆ. ಹೋದ ಸರ್ವಿಸ್‌ನಲ್ಲಿ "ಪಿಕಪ್, ಮೈಲೇಜ್ ಎರಡೂ ಚೆನ್ನಾಗಿ ಬರುತ್ತೆ" ಎಂದು 5ಡಬ್ಲ್ಯೂ-30 ಹಾಕಿದರು. ಆಯಿಲ್ ನೋಡಿದ್ದು ಮಾರನೇ ದಿನ ಬೆಳಿಗ್ಗೆ, ಸಮತಟ್ಟು ಜಾಗದಲ್ಲಿ. ಹೊರಡುವ ಮುಂಚೆಯೂ ಹಾಗೇ ನೋಡಿದ್ದೆ. ಬ್ರೀದರ್ ಪೈಪ್ ಯಾವುದು ಅಂತಾನೇ ಗೊತ್ತಿಲ್ಲ ಸರ್.

ಟಾಪ್_ಗೇರ್

ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ಸ್ಪೀಡ್ ಜಾಸ್ತಿಯಾದರೆ ಎಂಜಿನ್ ಜಾಸ್ತಿ ಸಲ ತಿರುಗುತ್ತದೆ. ಪ್ರತಿ ಸುತ್ತಿಗೂ ಚೂರು ಆಯಿಲ್ ಹೋಗುತ್ತದೆ. ಜಾಸ್ತಿ ಸುತ್ತು, ಜಾಸ್ತಿ ಆಯಿಲ್.

ಗ್ಯಾರೇಜ್_ಕೈ

ಎಲ್ಲರೂ ಮೊದಲು ಹಾಗೇ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಆದರೆ ಲೆಕ್ಕ ಹಾಕಿ ನೋಡಿ, ತಾಳೆಯಾಗುವುದಿಲ್ಲ.

ಇವರ ಕಾರು ಟಾಪ್ ಗೇರ್‌ನಲ್ಲಿ 110ಕ್ಕೆ 3300 ಸುತ್ತು. ಅಂದರೆ ಒಂದು ಕಿಲೋಮೀಟರಿಗೆ 1800 ಸುತ್ತು. ಅದೇ ಗೇರ್‌ನಲ್ಲಿ 80ರಲ್ಲಿ ಹೋದರೆ 2400 ಆರ್‌ಪಿಎಂ. ಆಗಲೂ ಕಿಲೋಮೀಟರಿಗೆ 1800 ಸುತ್ತೇ. ಗೇರ್ ಬದಲಾಗದಿದ್ದರೆ ಕಿಲೋಮೀಟರಿನ ಲೆಕ್ಕದ ಸುತ್ತು ಬದಲಾಗುವುದಿಲ್ಲ. ಊರೊಳಗೆ ಎರಡು, ಮೂರನೇ ಗೇರ್‌ನಲ್ಲಿ ಓಡಿಸುವಾಗ ಸುತ್ತು ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಸುತ್ತಿನ ಲೆಕ್ಕವೇ ಸರಿಯಾಗಿದ್ದರೆ ಊರೊಳಗೇ ಹೆಚ್ಚು ಕುಡಿಯಬೇಕಿತ್ತು.

ಹಾಗಾಗಿ ಹೈವೇಯಲ್ಲಿ ಪ್ರತಿ ಸುತ್ತಿಗೂ ಹೋಗುವ ಆಯಿಲ್‌ನ ಪ್ರಮಾಣವೇ ಹೆಚ್ಚಾಗಿದೆ. ಅದು ಯಾಕೆ ಅಂತ ಹುಡುಕಬೇಕು.

ಟಾಪ್_ಗೇರ್

ಸರಿ ಅಣ್ಣ, ಒಪ್ಪಿದೆ. ಈ ಕೋನದಲ್ಲಿ ಯೋಚಿಸಿರಲಿಲ್ಲ. ಹಾಗಾದರೆ ಯಾಕೆ?

ಗ್ಯಾರೇಜ್_ಕೈ

ಕಾರಣ ಒಂದಲ್ಲ, ಮೂರ್ನಾಲ್ಕು ಒಟ್ಟಿಗೆ ಸೇರಿಕೊಳ್ಳುತ್ತವೆ. ರಿಂಗ್‌ನಿಂದ ಶುರು ಮಾಡುತ್ತೇನೆ.

ಸಾಮಾನ್ಯವಾಗಿ ಡೀಸೆಲ್ ಪಿಸ್ಟನ್‌ನಲ್ಲಿ ಮೂರು ರಿಂಗ್ ಇರುತ್ತವೆ. ಮೇಲಿನ ಎರಡು ಕಂಪ್ರೆಷನ್ ಹಿಡಿಯುತ್ತವೆ. ಮೂರನೆಯದು ಆಯಿಲ್ ರಿಂಗ್. ಬೋರ್ (ಸಿಲಿಂಡರ್) ಗೋಡೆಗೆ ಎರಚಿದ ಆಯಿಲನ್ನು ಕೆರೆದು ಕೆಳಗೆ ಕಳಿಸುವುದು ಅದರ ಕೆಲಸ. ಕೆರೆದ ಆಯಿಲ್ ರಿಂಗ್‌ನ ಹಿಂದಿರುವ ಸಣ್ಣ ತೂತುಗಳ ಮೂಲಕ ಚೇಂಬರ್‌ಗೆ, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಜಾಗಕ್ಕೆ, ವಾಪಸ್ ಹೋಗಬೇಕು.

ಎರಡು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ ಬಿಚ್ಚಿದಾಗ ನಾನು ಮೊದಲು ನೋಡುವುದು ಈ ತೂತುಗಳನ್ನು. ಎಷ್ಟೋ ಪಿಸ್ಟನ್‌ಗಳಲ್ಲಿ ಅರ್ಧಕ್ಕರ್ಧ ತೂತು ಕಾಣುವುದೇ ಇಲ್ಲ. ಕಪ್ಪು ಇಂಗಾಲ ತುಂಬಿ, ಉಗುರಿನಿಂದ ಕೆರೆದರೂ ಬರದ ಹಾಗೆ ಗಟ್ಟಿಯಾಗಿರುತ್ತದೆ. ರಿಂಗ್ ಹಾಳಾಗಿಲ್ಲ, ಸವೆದೂ ಇಲ್ಲ, ಕೆರೆದ ಆಯಿಲ್‌ಗೆ ದಾರಿ ಇಲ್ಲ ಅಷ್ಟೇ. ಊರೊಳಗೆ ನಿಧಾನಕ್ಕೆ ಓಡುವಾಗ ಗೋಡೆಗೆ ಬೀಳುವ ಆಯಿಲ್ ಕಮ್ಮಿ, ಉಳಿದ ಅರ್ಧ ತೂತುಗಳೇ ಸಾಕಾಗುತ್ತವೆ. 3300 ಆರ್‌ಪಿಎಂನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಚುವುದು ಜಾಸ್ತಿ, ಆಯಿಲ್ ತೆಳ್ಳಗಾಗಿರುತ್ತದೆ, ಕೆಳಗಿಳಿಯಲು ಸಮಯವೂ ಇಲ್ಲ. ಉಳಿದದ್ದು ಮೇಲಕ್ಕೆ ಹೋಗಿ ಉರಿಯುತ್ತದೆ.

ಇನ್ನೊಂದು ವಿಷಯ ರಿಂಗ್ ಕೂತಿರುವ ಗಾಡಿಯದ್ದು (ಗಾಡಿ ಎಂದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಸೀಳು, ನಮ್ಮಲ್ಲಿ ಹಾಗೆ ಕರೆದು ಅಭ್ಯಾಸ). 3300 ಆರ್‌ಪಿಎಂ ಅಂದರೆ ಸೆಕೆಂಡಿಗೆ 55 ಸುತ್ತು. ಪ್ರತಿ ಪಿಸ್ಟನ್ ಸೆಕೆಂಡಿಗೆ 110 ಸಲ ನಿಂತು, ದಿಕ್ಕು ಬದಲಿಸಿ ಓಡಬೇಕು. ಆ ಜೋರಿನ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 2400ರಿಂದ 3300ಕ್ಕೆ ಹೋದರೆ ಹತ್ತಿರ ಹತ್ತಿರ 1.9 ಪಟ್ಟು. ಹೊಸ ಪಿಸ್ಟನ್‌ನಲ್ಲಿ ರಿಂಗ್‌ಗೂ ಅದರ ಗಾಡಿಗೂ ನಡುವೆ ಸಂದು ತೀರಾ ಕಮ್ಮಿ. ಹಳೆಯದರಲ್ಲಿ ಗಾಡಿ ಸವೆದು ಅಗಲವಾಗಿರುತ್ತದೆ. ರಿಂಗ್ ಮೇಲೆ ಕೆಳಗೆ ಕುಣಿಯುತ್ತದೆ. ಕುಣಿಯುವಾಗ ಸಣ್ಣ ಪಂಪಿನ ಹಾಗೆ ಆಯಿಲನ್ನು ಮೇಲಕ್ಕೆ ದಾಟಿಸುತ್ತದೆ. ಊರೊಳಗಿನ ಸ್ಪೀಡ್‌ನಲ್ಲಿ ಈ ಕುಣಿತ ಅಷ್ಟಿರುವುದಿಲ್ಲ.

 

ಡಿಪ್‌ಸ್ಟಿಕ್

ಗ್ಯಾರೇಜ್ ಅಣ್ಣನ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. "ಹೊಗೆ ಕಾಣಲಿಲ್ಲ" ಎಂದಿರಲ್ಲ, ಅದಕ್ಕೆ ಉತ್ತರ ಇದರಲ್ಲಿದೆ.

ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಸಲ ಡೀಸೆಲ್ ಉರಿಯುತ್ತದೆ. ಕಿಲೋಮೀಟರಿಗೆ 1800 ಸುತ್ತಾದರೆ 3600 ಸಲ. 900 ಕಿ.ಮೀ.ಗೆ 32,40,000 ಸಲ. 800 ಮಿ.ಲೀ. ಆಯಿಲನ್ನು ಅಷ್ಟಕ್ಕೆ ಹಂಚಿದರೆ ಒಂದು ಸಲಕ್ಕೆ ಸುಮಾರು 0.25 ಘನ ಮಿಲಿಮೀಟರ್ ಬರುತ್ತದೆ. ಒಂದು ಹನಿ ಸುಮಾರು 50 ಘನ ಮಿಲಿಮೀಟರ್ ಅಂದುಕೊಳ್ಳಿ. ಆ ಒಂದು ಹನಿ 200 ಸಲಕ್ಕೆ ಹಂಚಿಹೋಗುತ್ತದೆ. ಅಂದರೆ ದಾರಿಯುದ್ದಕ್ಕೂ ಎರಡು ಸೆಕೆಂಡಿಗೆ ಒಂದು ಹನಿಯ ಲೆಕ್ಕದಲ್ಲಿ ಹೋಗಿದೆ.

100 ಕಿ.ಮೀ.ಗೆ 6.5 ಲೀಟರ್ ಡೀಸೆಲ್ ಅಂದುಕೊಂಡರೆ, ಪ್ರತಿ ಸಲ ಉರಿಯುವ ಡೀಸೆಲ್ ಸುಮಾರು 18 ಘನ ಮಿಲಿಮೀಟರ್. ಆಯಿಲ್ ಅದರ ಶೇ. 1.4 ಮಾತ್ರ. ಬಿಸಿ ಎಂಜಿನ್‌ನಲ್ಲಿ, ಅಷ್ಟು ಗಾಳಿಯ ಜೊತೆ ಅದು ಹೆಚ್ಚುಕಮ್ಮಿ ಪೂರ್ತಿ ಉರಿದುಹೋಗುತ್ತದೆ. 110ರಲ್ಲಿ ಹೋಗುವ ಕಾರಿನ ಹಿಂದೆ ನೀಲಿ ಹೊಗೆ ಎಲ್ಲಿ ಕಾಣಬೇಕು? ಹೊಗೆ ಇಲ್ಲ ಎಂದ ಮಾತ್ರಕ್ಕೆ ಆಯಿಲ್ ಉರಿಯುತ್ತಿಲ್ಲ ಎಂದಲ್ಲ.

ಬಿಸಿ_ಚೇಂಬರ್

ಬಿಸಿಯ ವಿಷಯ ಯಾರೂ ಎತ್ತಲಿಲ್ಲ. ನಾನು ನನ್ನ ಕಾರಿಗೆ ಆಯಿಲ್ ಟೆಂಪರೇಚರ್ ಮೀಟರ್ ಹಾಕಿಸಿಕೊಂಡಿದ್ದೇನೆ. ಎರಡು ವರ್ಷದಿಂದ ನೋಡುತ್ತಿದ್ದೇನೆ. ಕೂಲೆಂಟ್ ಮುಳ್ಳು ಯಾವಾಗಲೂ ಮಧ್ಯದಲ್ಲೇ ನಿಂತಿರುತ್ತದೆ, ಅದನ್ನು ನೋಡಿ ಆಯಿಲ್‌ನ ಬಿಸಿ ಗೊತ್ತಾಗುವುದಿಲ್ಲ. ಊರೊಳಗೆ ಆಯಿಲ್ 85 ಡಿಗ್ರಿ ಆಚೀಚೆ. ಹೈವೇಯಲ್ಲಿ 110ರಲ್ಲಿ ಅರ್ಧ ಗಂಟೆ ಹೋದರೆ 115 ಮುಟ್ಟುತ್ತದೆ. ಏರು ರಸ್ತೆ, ತುಂಬಿದ ಕಾರು ಆದರೆ 120.

40 ಗ್ರೇಡ್ ಆಯಿಲ್ (10ಡಬ್ಲ್ಯೂ-40ರ ಕೊನೆಯ ಅಂಕಿ) 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ (ಆಯಿಲ್‌ನ ದಪ್ಪ ಅಳೆಯುವ ಮಾನ) ದಪ್ಪ ಇರಬೇಕು. 30 ಗ್ರೇಡ್ 9.3ರಿಂದ 12.5. 100ರಿಂದ 120ಕ್ಕೆ ಹೋದರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ದಪ್ಪ ಕಳೆದುಕೊಳ್ಳುತ್ತದೆ. ಅಂದರೆ ಪುಸ್ತಕ 40 ಕೇಳಿದ ಎಂಜಿನ್‌ಗೆ 30 ಹಾಕಿ, 120 ಡಿಗ್ರಿಯಲ್ಲಿ ಓಡಿಸಿದರೆ, ಸವೆದ ರಿಂಗ್ ಹಿಡಿಯಬೇಕಾದದ್ದು ನೀರಿನ ಹಾಗಿರುವ ಆಯಿಲನ್ನು.

ಆವಿಯಾಗಿ ಹೋಗುವುದು ಬೇರೆ. ಆಯಿಲ್‌ಗೆ ನೋಯಾಕ್ ಎಂಬ ಪರೀಕ್ಷೆ ಇದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತು ಎಂದು ತೂಗುತ್ತಾರೆ. ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಗೊತ್ತುಮಾಡಿದ ಎ3/ಬಿ4 ದರ್ಜೆಯ ಆಯಿಲ್‌ಗೆ ಶೇ. 13 ಮಿತಿ. ಪಿಸ್ಟನ್‌ನ ಮೇಲಿನ ರಿಂಗ್ ಹತ್ತಿರ ಅಂಥ ಬಿಸಿ ನಿಜವಾಗಿಯೂ ಇರುತ್ತದೆ. ಡಬ್ಬಿಯ ಮೇಲೆ ನೋಯಾಕ್ ಅಂಕಿ ಬರೆದಿರುವುದಿಲ್ಲ, ಕಂಪನಿಯ ಡೇಟಾ ಶೀಟ್‌ನಲ್ಲಿ ಸಿಗುತ್ತದೆ. ಒಂದೇ ಗ್ರೇಡ್‌ನ ಎರಡು ಆಯಿಲ್‌ಗಳಲ್ಲಿ ಅಂಕಿ ಕಮ್ಮಿ ಇರುವುದನ್ನು ತೆಗೆದುಕೊಳ್ಳಿ.

ನಿಧಾನವೇ_ಸುಖ

ನನ್ನ ಅನುಭವ ಹೇಳುತ್ತೇನೆ. ನನ್ನದೂ ಹಳೇ ಡೀಸೆಲ್, ಟರ್ಬೊ ಇಲ್ಲ. ಒಂದೇ ದಾರಿ, ಒಂದೇ ಲೋಡ್. 85ರಲ್ಲಿ ಹೋದ ಸಲ 1000 ಕಿ.ಮೀ.ಗೆ 150 ಮಿ.ಲೀ. ತಗೊಂಡಿತು. 115ರಲ್ಲಿ ಹೋದ ಸಲ 500 ಮಿ.ಲೀ. ದಾಟಿತು. ಮೂರು ಸಲ ಬರೆದಿಟ್ಟು ನೋಡಿದ್ದೇನೆ, ಮೂರು ಸಲವೂ ಹೀಗೇ. ಈಗ 90 ದಾಟುವುದಿಲ್ಲ.

ಡಿಪ್‌ಸ್ಟಿಕ್

ಅದಕ್ಕೆ ಗಾಳಿಯ ತಡೆಯೂ ಸೇರುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಸ್ಪೀಡಿನ ಘನಕ್ಕೆ ತಕ್ಕಂತೆ ಏರುತ್ತದೆ. 80ರಿಂದ 110ಕ್ಕೆ 2.6 ಪಟ್ಟು. ಅಷ್ಟು ಶಕ್ತಿ ಕೊಡಲು ಪ್ರತಿ ಸಲವೂ ಜಾಸ್ತಿ ಡೀಸೆಲ್ ಉರಿಯಬೇಕು, ಸಿಲಿಂಡರ್ ಒಳಗಿನ ಒತ್ತಡ ಏರಬೇಕು. ಒತ್ತಡ ಏರಿದಷ್ಟೂ ರಿಂಗ್ ಪಕ್ಕದಿಂದ ಕೆಳಗೆ ನುಗ್ಗುವ ಗ್ಯಾಸ್ ಜಾಸ್ತಿ.

ಸಣ್ಣ_ಓಟ

ಒಂದು ಮಾತು ಯಾರೂ ಹೇಳಿಲ್ಲ. "ಊರೊಳಗೆ ಒಂದು ಗೆರೆಯೂ ಇಳಿಯುವುದಿಲ್ಲ" ಎಂಬ ಮಾತನ್ನೇ ನಾನು ನಂಬುವುದಿಲ್ಲ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದಲ್ಲ. ಡಿಪ್‌ಸ್ಟಿಕ್ ನಿಮಗೆ ಸುಳ್ಳು ಹೇಳುತ್ತಿರಬಹುದು.

ದಿನಾ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿಯದ ಡೀಸೆಲ್ ಚೂರು ಚೂರು ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಗ್ಯಾಸ್‌ನಲ್ಲಿರುವ ನೀರಿನ ಆವಿಯೂ ತಣ್ಣಗಾಗಿ ಅಲ್ಲೇ ಸೇರುತ್ತದೆ. ಒಂದು ಕಡೆ ಆಯಿಲ್ ಹೋಗುತ್ತದೆ, ಇನ್ನೊಂದು ಕಡೆ ಡೀಸೆಲ್, ನೀರು ಬಂದು ಜಾಗ ತುಂಬುತ್ತವೆ. ಮಟ್ಟ ಹಾಗೇ ಇರುತ್ತದೆ. ಹೈವೇಗೆ ಹೋಗಿ ಒಂದು ಗಂಟೆ ಬಿಸಿಯಾದ ಮೇಲೆ ನೀರು ಪೂರ್ತಿ ಆವಿಯಾಗಿ ಹೋಗುತ್ತದೆ. ಡೀಸೆಲ್‌ನಲ್ಲಿ ಹಗುರವಾದ ಭಾಗ ಸ್ವಲ್ಪ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಡೀಸೆಲ್ ಕುದಿಯುವುದೇ ಸುಮಾರು 180ರಿಂದ 360 ಡಿಗ್ರಿಯಲ್ಲಿ. ಊರೊಳಗೆ ಮುಚ್ಚಿಟ್ಟ ಸಾಲ ಹೈವೇಯಲ್ಲಿ ಒಟ್ಟಿಗೆ ಎದ್ದು ಕಾಣುತ್ತದೆ.

ಹೊರಡುವ ದಿನ ಮೊದಲು ಒಂದು ಗಂಟೆ ಚೆನ್ನಾಗಿ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮಟ್ಟ ನೋಡಿ. ಅಲ್ಲಿಂದ ಲೆಕ್ಕ ಶುರು ಮಾಡಿ. ಆಗ ನಿಜವಾದ ಅಂಕಿ ಸಿಗುತ್ತದೆ.

ಅಪ್ಪನ_ಕಾರು

ಇದು ನನ್ನ ಕಣ್ಣು ತೆರೆಸಿತು. ನನ್ನ ದಿನದ ಓಟ ಒಂದು ಕಡೆಗೆ 6 ಕಿ.ಮೀ. ಅಷ್ಟೇ. ಅಪ್ಪ ಓಡಿಸುತ್ತಿದ್ದ ಕಾಲದಲ್ಲಿ ವಾರಕ್ಕೊಂದು ಸಲ ಸುಮ್ನೆ ದೂರ ಓಡಿಸಿಕೊಂಡು ಬರುತ್ತಿದ್ದರು. "ಎಂಜಿನ್‌ಗೆ ಬೆವರು ಬರಬೇಕು" ಎನ್ನುತ್ತಿದ್ದರು. ಯಾಕೆ ಎಂದು ಆಗ ಕೇಳಲಿಲ್ಲ.

ವಾಲ್ವ್_ಸೀಲ್

ರಿಂಗ್, ರಿಂಗ್ ಎಂದು ಎಲ್ಲರೂ ಅದನ್ನೇ ಹಿಡಿದಿದ್ದೀರಿ. ನನ್ನ ಹಿಂದಿನ ಪೆಟ್ರೋಲ್ ಕಾರಿನಲ್ಲಿ ಹೀಗೇ ಆಗಿತ್ತು. ವಾಲ್ವ್ ಸೀಲ್ ಹಾಕಿಸಿದ ಮೇಲೆ ನಿಂತಿತು. ಇಲ್ಲೂ ಅದೇ ಯಾಕಾಗಿರಬಾರದು?

ಗ್ಯಾರೇಜ್_ಕೈ

ಪೆಟ್ರೋಲ್ ಕಾರಿನಲ್ಲಿ ಅದು ಸರಿ. ಆಕ್ಸಲರೇಟರ್ ಬಿಟ್ಟಾಗ ಥ್ರಾಟಲ್ (ಗಾಳಿ ದಾರಿಯ ಕದ) ಮುಚ್ಚಿ ಒಳಗೆ ಜೋರು ಎಳೆತ ಹುಟ್ಟುತ್ತದೆ, ಸೀಲ್ ಗಟ್ಟಿಯಾಗಿದ್ದರೆ ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಎಳೆದುಕೊಳ್ಳುತ್ತದೆ. ಹಳೇ ಡೀಸೆಲ್‌ನಲ್ಲಿ ಸಾಮಾನ್ಯವಾಗಿ ಥ್ರಾಟಲ್ ಇರುವುದಿಲ್ಲ. ಗಾಳಿ ಯಾವಾಗಲೂ ಪೂರ್ತಿ ಒಳಗೆ ಬರುತ್ತದೆ. ಟರ್ಬೊ ಇದ್ದರೆ ಒಳಗಡೆ ಎಳೆತದ ಬದಲು ಒತ್ತಡವೇ ಇರುತ್ತದೆ. ಹಾಗಾಗಿ ವಾಲ್ವ್ ಸೀಲ್ ಮೇಲೆ ನನಗೆ ಅನುಮಾನ ಕಮ್ಮಿ. ಸೀಲ್ ಹೋಗಿದ್ದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಂಡೆ ನೀಲಿ ಹೊಗೆ ಬರುತ್ತದೆ. ಬರುತ್ತಾ?

ಅಪ್ಪನ_ಕಾರು

ಇಲ್ಲ ಸರ್. ಇವತ್ತು ಬೆಳಿಗ್ಗೆ ಮಗಳನ್ನು ಹಿಂದೆ ನಿಲ್ಲಿಸಿ ನೋಡಿಸಿದೆ. ಏನೂ ಇಲ್ಲ.

ಗ್ಯಾರೇಜ್_ಕೈ

ಹಾಗಾದರೆ ನನ್ನ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಬ್ರೀದರ್.

ಎಂಜಿನ್ ಎಷ್ಟೇ ಹೊಸದಿದ್ದರೂ ರಿಂಗ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗೆ ಚೇಂಬರ್‌ಗೆ ಹೋಗುತ್ತದೆ. ನಾವು ಬ್ಯಾಕ್ ಕಂಪ್ರೆಷನ್ ಎನ್ನುತ್ತೇವೆ. ಅದು ಹೊರಗೆ ಹೋಗಲು ಟ್ಯಾಪೆಟ್ ಕವರ್‌ನಿಂದ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಒಂದು ಪೈಪ್ ಹೊರಟು, ಟರ್ಬೊಗೆ ಗಾಳಿ ತರುವ ಪೈಪಿಗೆ ಸೇರುತ್ತದೆ. ಮಧ್ಯೆ ಆಯಿಲನ್ನು ಬೇರೆ ಮಾಡುವ ಡಬ್ಬಿ ಅಥವಾ ಜಾಲರಿ ಇರುತ್ತದೆ. ಮಂಜಿನ ಹಾಗೆ ಬಂದ ಆಯಿಲ್ ಅಲ್ಲಿ ಸೋಸಿ ಕೆಳಗಿಳಿಯಬೇಕು, ಬರೀ ಗ್ಯಾಸ್ ಮುಂದೆ ಹೋಗಬೇಕು.

ಆ ಡಬ್ಬಿಯಲ್ಲಿ ವರ್ಷಗಟ್ಟಲೆ ಮಡ್ಡಿ ಕಟ್ಟಿದರೆ ಎರಡು ತೊಂದರೆ. ಒಂದು, ಸೋಸುವುದಿಲ್ಲ, ಆಯಿಲ್ ಹಾಗೇ ಎಂಜಿನ್‌ಗೆ ಹೋಗಿ ಉರಿಯುತ್ತದೆ. ಇನ್ನೊಂದು, ದಾರಿ ಕಿರಿದಾಗಿ ಚೇಂಬರ್‌ನಲ್ಲಿ ಒತ್ತಡ ಕೂಡುತ್ತದೆ. ಊರೊಳಗೆ ಗ್ಯಾಸ್ ಕಮ್ಮಿ, ಕಿರಿದಾದ ದಾರಿಯೇ ಸಾಕು. ಹೈವೇಯಲ್ಲಿ ಗ್ಯಾಸ್ ಜಾಸ್ತಿ, ಹೋಗಲು ಜಾಗ ಇಲ್ಲ.

ಒತ್ತಡ ಕೂಡಿದಾಗ ಟರ್ಬೊಗೂ ಪೆಟ್ಟು. ಟರ್ಬೊ ಕಡ್ಡಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಅದಕ್ಕೆ ಬಂದ ಆಯಿಲ್ ವಾಪಸ್ ಚೇಂಬರ್‌ಗೆ ಇಳಿಯುವುದು ಬರೀ ತನ್ನ ತೂಕದಿಂದ, ಅಲ್ಲಿ ಪಂಪ್ ಇಲ್ಲ. ಕೆಳಗಿನಿಂದ ಒತ್ತಡ ತಳ್ಳುತ್ತಿದ್ದರೆ ಆಯಿಲ್ ಇಳಿಯುವುದಿಲ್ಲ, ಟರ್ಬೊದಲ್ಲೇ ತುಂಬಿಕೊಂಡು ಸೀಲ್ ದಾಟಿ ಗಾಳಿ ಕಡೆಗೋ ಸೈಲೆನ್ಸರ್ ಕಡೆಗೋ ಹೋಗುತ್ತದೆ. ಎಷ್ಟೋ ಜನ "ಟರ್ಬೊ ಆಯಿಲ್ ಬಿಡುತ್ತಿದೆ" ಎಂದು ಹೊಸ ಟರ್ಬೊ ಹಾಕಿಸುತ್ತಾರೆ. ಬ್ರೀದರ್ ಕಟ್ಟಿದ್ದರೆ ಹೊಸದೂ ಆಯಿಲ್ ಬಿಡುತ್ತದೆ. ನನ್ನ ಹತ್ತಿರ ಹಾಗೆ ಎರಡು ಟರ್ಬೊ ಬದಲಿಸಿದ ಕಾರು ಬಂದಿತ್ತು. ಒಂದು ಪೈಪ್ ತೊಳೆದು ಕಳಿಸಿದೆ.

ನೀವೇ ನೋಡಿ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸಡಿಲ ಮಾಡಿ, ಹಾಗೇ ಮೇಲೆ ಕೂರಿಸಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ, ಡೀಸೆಲ್‌ನಲ್ಲಿ ಅದು ಮಾಮೂಲು. ಮುಚ್ಚಳ ಹಾರಿ ಬೀಳುವಷ್ಟು ಉಗುಳುತ್ತಿದ್ದರೆ, ಬ್ರೀದರ್ ಪೈಪನ್ನು ಬಿಚ್ಚಿ ಮತ್ತೆ ನೋಡಿ. ಬಿಚ್ಚಿದಾಗ ಉಗುಳುವುದು ಇಳಿದರೆ ದಾರಿ ಕಟ್ಟಿದೆ. ಬಿಚ್ಚಿದ ಮೇಲೂ ಅಷ್ಟೇ ಜೋರಾಗಿದ್ದರೆ ಆಗ ರಿಂಗ್ ವಿಷಯ ಮಾತಾಡೋಣ.

ವ್ಯಾಕ್ಯೂಮ್

ಒಂದು ಸಣ್ಣ ಸೇರ್ಪಡೆ. ಡೀಸೆಲ್‌ನಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದು ಎಳೆದ ಗಾಳಿಯನ್ನು ಬಿಡುವುದು ಎಂಜಿನ್ ಒಳಕ್ಕೇ. ಬೂಸ್ಟರ್ ಹೋಸ್ ಎಲ್ಲಾದರೂ ಸೀಳಿದ್ದರೆ ಪಂಪ್ ಬಿಡುವೇ ಇಲ್ಲದೆ ಗಾಳಿ ತಳ್ಳುತ್ತಿರುತ್ತದೆ, ಮುಚ್ಚಳದಲ್ಲಿ ನೋಡಿದರೆ ಬ್ಯಾಕ್ ಕಂಪ್ರೆಷನ್ ಹಾಗೇ ಕಾಣುತ್ತದೆ. ಆ ಹೋಸನ್ನೂ ನೋಡಿಕೊಳ್ಳಿ.

ಅಪ್ಪನ_ಕಾರು

ಇವತ್ತು ಭಾನುವಾರ, ಪೂರ್ತಿ ಕಾರಿನ ಹತ್ತಿರವೇ ಇದ್ದೆ.

ಮುಚ್ಚಳ ಸಡಿಲ ಮಾಡಿದ ಕೂಡಲೇ ಒಂದು ಪಕ್ಕಕ್ಕೆ ಹಾರಿ ಬ್ಯಾಟರಿ ಮೇಲೆ ಬಿತ್ತು. ಎದೆ ಧಸಕ್ ಎಂದಿತು. ಬ್ರೀದರ್ ಪೈಪ್ ಬಿಚ್ಚಿ ಮತ್ತೆ ಇಟ್ಟೆ. ಈ ಸಲ ಬರೀ ನಡುಗಿತು, ಬೀಳಲಿಲ್ಲ. ಮೂರು ಸಲ ಮಾಡಿ ನೋಡಿದೆ.

ಆಮೇಲೆ ಆ ಡಬ್ಬಿಯನ್ನು ಕಳಚಿದೆ. ಒಳಗೆ ಬೆರಳು ಹಾಕಿದರೆ ಗ್ರೀಸ್‌ಗಿಂತ ಗಟ್ಟಿ, ಟಾರ್‌ಗಿಂತ ಮೆತ್ತಗೆ. ಕೆಳಗೆ ಆಯಿಲ್ ಇಳಿಯಬೇಕಾದ ತೂತು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಮಾತ್ರ ಉಳಿದಿತ್ತು. ಪೈಪ್ ಇನ್ನೂ ಕೆಟ್ಟದಾಗಿತ್ತು. ಹೊರಗಿನಿಂದ ಚೆನ್ನಾಗೇ ಕಾಣುತ್ತಿದ್ದ ರಬ್ಬರ್ ಒಳಗಡೆ ಉಬ್ಬಿ ಪದರ ಬಿಟ್ಟಿದೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಒಂದು ಸೀಳಿನಷ್ಟೇ ಕಾಣುತ್ತದೆ. ಟರ್ಬೊ ಬಾಯಿಯಲ್ಲಿ ಆಯಿಲ್ ಹಸಿಯಾಗಿತ್ತು. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ರೇಡಿಯೇಟರ್) ಹೋಸ್ ಬಗ್ಗಿಸಿದಾಗ ಎರಡು ಚಮಚದಷ್ಟು ಸುರಿಯಿತು. ಟರ್ಬೊ ಕಡ್ಡಿ ಹಿಡಿದು ಅಲ್ಲಾಡಿಸಿದೆ. ಪಕ್ಕಕ್ಕೆ ಚೂರು ಆಡುತ್ತದೆ, ಮುಂದೆ ಹಿಂದೆ ಆಡುವುದಿಲ್ಲ.

ಗ್ಯಾರೇಜ್_ಕೈ

ಪಕ್ಕಕ್ಕೆ ಚೂರು ಆಡುವುದು ಸರಿ, ಮುಂದೆ ಹಿಂದೆ ಆಡಬಾರದು. ಟರ್ಬೊ ಉಳಿದಿದೆ. ಒಳಗೆ ತೆಳುವಾಗಿ ಆಯಿಲ್ ಸವರಿದ ಹಾಗಿದ್ದರೆ ಬ್ರೀದರ್ ಇರುವ ಎಲ್ಲ ಕಾರಿನಲ್ಲೂ ಇರುತ್ತದೆ. ಸುರಿಯುವಷ್ಟಿದ್ದರೆ ತಪ್ಪು.

ಡಬ್ಬಿ ತೊಳೆಯಿರಿ, ಪೈಪ್ ಹೊಸದು ಹಾಕಿ, ಇಂಟರ್‌ಕೂಲರ್ ಬಿಚ್ಚಿ ಖಾಲಿ ಮಾಡಿ. ಆಯಿಲ್ ಗ್ರೇಡ್ ಈಗಲೇ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ದಪ್ಪ_ಆಯಿಲ್

ಇಷ್ಟೆಲ್ಲ ಯಾಕೆ? 20ಡಬ್ಲ್ಯೂ-50 ಹಾಕಿ, ಗುರುತಿಗಿಂತ ಅರ್ಧ ಲೀಟರ್ ಮೇಲೆ ತುಂಬಿ. ಹೈವೇಗೆ ಹೋಗಿ ಬಂದರೂ ಸರಿಯಾಗಿರುತ್ತದೆ. ನಾನು ಹಾಗೇ ಮಾಡುವುದು.

ಬಿಸಿ_ಚೇಂಬರ್

ದಯವಿಟ್ಟು ಗುರುತಿಗಿಂತ ಮೇಲೆ ತುಂಬಬೇಡಿ. ಯಾರೂ ಇದನ್ನು ಓದಿ ಹಾಗೆ ಮಾಡಬೇಡಿ. ಆಯಿಲ್ ಮಟ್ಟ ಏರಿದರೆ ಕ್ರ್ಯಾಂಕ್ ಅದರಲ್ಲಿ ಬಡಿದು ನೊರೆ ಎಬ್ಬಿಸುತ್ತದೆ, ಬೋರ್‌ಗೆ ಇನ್ನೂ ಜಾಸ್ತಿ ಎರಚುತ್ತದೆ, ಬ್ರೀದರ್‌ನಲ್ಲಿ ಇನ್ನೂ ಜಾಸ್ತಿ ಹೋಗುತ್ತದೆ. ಹಾಕಿದ ಅರ್ಧ ಲೀಟರೇ ಮೊದಲು ಉರಿಯುತ್ತದೆ.

50 ಗ್ರೇಡ್ ಬಗ್ಗೆ ಹೇಳುವುದಾದರೆ, ಪುಸ್ತಕದಲ್ಲಿ ಆ ಗ್ರೇಡ್ ಕೊಟ್ಟಿದ್ದರೆ ಹಾಕಬಹುದು. ಕೊಡದಿದ್ದರೆ ಬೇಡ. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಟರ್ಬೊಗೆ, ಕ್ಯಾಮ್‌ಗೆ ಆಯಿಲ್ ತಲುಪುವುದು ತಡವಾಗುತ್ತದೆ.

ಗ್ಯಾರೇಜ್_ಕೈ

ಇದರ ಜೊತೆ ಇನ್ನೊಂದು ಅಪಾಯ ಇದೆ. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಡ. ಉರಿಯುವಂಥದ್ದು ಏನು ಒಳಗೆ ಬಂದರೂ ಓಡುತ್ತದೆ. ಬ್ರೀದರ್‌ನಿಂದಲೋ ಕೆಟ್ಟ ಟರ್ಬೊದಿಂದಲೋ ಆಯಿಲ್ ಒಮ್ಮೆಗೇ ನುಗ್ಗಿದರೆ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡಲು ಶುರು ಮಾಡುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ರೇಸ್ ತಾನೇ ಏರುತ್ತಾ ಹೋಗುತ್ತದೆ, ಹಿಂದೆ ಹೊಗೆ ಮುಚ್ಚಿಕೊಳ್ಳುತ್ತದೆ. ನಾನು ಒಂದೇ ಒಂದು ಸಲ ಕಣ್ಣಾರೆ ನೋಡಿದ್ದೇನೆ. ಆ ಶಬ್ದ ಮರೆಯುವುದಿಲ್ಲ.

ಮ್ಯಾನುವಲ್ ಗೇರ್ ಕಾರಾಗಿದ್ದರೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಫುಟ್ ಬ್ರೇಕನ್ನು ಪೂರ್ತಿ ತುಳಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಕಾರಿನ ಮುಂದೆ ಹಿಂದೆ ಯಾರೂ ಇರಬಾರದು. ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಗಾಳಿ ಪೈಪಿನ ಬಾಯಿಗೆ ಕೈ ಅಡ್ಡ ಹಿಡಿಯಬೇಡಿ, ಬಟ್ಟೆ ತುರುಕಬೇಡಿ. ಎಳೆದುಕೊಂಡುಬಿಡುತ್ತದೆ.

ಇಂಟರ್‌ಕೂಲರ್ ಖಾಲಿ ಮಾಡಿ ಎಂದಿದ್ದು ಇದಕ್ಕೇ. ಅಲ್ಲಿ ನಿಂತ ಆಯಿಲ್ ಹೈವೇಯಲ್ಲಿ ಜೋರಾಗಿ ತುಳಿದಾಗ ಒಟ್ಟಿಗೆ ಹೋಗಬಹುದು.

ದಪ್ಪ_ಆಯಿಲ್

ಇದು ನನಗೆ ಗೊತ್ತಿರಲಿಲ್ಲ. ನಾಳೆಯೇ ಹೆಚ್ಚಿರುವ ಆಯಿಲ್ ತೆಗೆಸುತ್ತೇನೆ. ನನ್ನ ಬ್ರೀದರನ್ನೂ ನೋಡಿಸುತ್ತೇನೆ.

ಅಪ್ಪನ_ಕಾರು

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಅದೇ ದಾರಿ, ಅದೇ 900 ಕಿ.ಮೀ., ಮೂರು ಸಲ ಹೋಗಿ ಬಂದೆ. ಪ್ರತಿ ಸಲವೂ ಮೊದಲು ಒಂದು ಗಂಟೆ ಓಡಿಸಿ, ಹತ್ತು ನಿಮಿಷ ಬಿಟ್ಟು ಮಟ್ಟ ನೋಡಿ ಶುರು ಮಾಡಿದೆ. ಎಷ್ಟು ಸೇರಿಸಿದೆ ಎಂದು ಅಳತೆ ಲೋಟದಲ್ಲಿ ನೋಡಿದೆ.

ಮೊದಲ ಸಲ ಬ್ರೀದರ್ ಮಾತ್ರ ಸರಿಮಾಡಿದ್ದೆ, ಆಯಿಲ್ ಹಳೆಯದೇ, 110ರಲ್ಲಿ. 800 ಇದ್ದದ್ದು 430 ಮಿ.ಲೀ.ಗೆ ಬಂತು. ಎರಡನೇ ಸಲ ಪುಸ್ತಕದಲ್ಲಿರುವ 10ಡಬ್ಲ್ಯೂ-40 ಹಾಕಿ ಮತ್ತೆ 110ರಲ್ಲಿ. 310. ಮೂರನೇ ಸಲ ಅದೇ ಆಯಿಲ್, 90 ದಾಟದೆ. 140 ಮಿ.ಲೀ. ನಂಬಲಾಗದೆ ಎರಡು ಸಲ ಒರೆಸಿ ನೋಡಿದೆ.

ಮನಸ್ಸಿಗೆ ಸಮಾಧಾನ ಆಗಲೆಂದು ಕಂಪ್ರೆಷನ್ (ಪ್ರತಿ ಸಿಲಿಂಡರ್ ಒಳಗೆ ಕೂಡುವ ಒತ್ತಡ) ಕೂಡ ಅಳೆಸಿದೆ. 27, 26, 27, 24 ಬಾರ್.

ಡಿಪ್‌ಸ್ಟಿಕ್

ತುಂಬಾ ಖುಷಿಯಾಯಿತು. 310 ಅಂದರೆ 1000 ಕಿ.ಮೀ.ಗೆ ಸುಮಾರು 345. ಹಲವು ಕಾರುಗಳ ಪುಸ್ತಕದಲ್ಲಿ 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಸರಿ ಎಂದೇ ಬರೆದಿರುತ್ತದೆ. ಆದರೆ ಮೊದಲ ಸಲದ 800ರಲ್ಲಿ ಸ್ವಲ್ಪ ಭಾಗ ಊರೊಳಗೆ ಸೇರಿದ್ದ ನೀರು, ಡೀಸೆಲ್‌ನದ್ದು ಇರಬಹುದು, ಆಗ ನೀವು ಬಿಸಿ ಮಾಡಿ ನೋಡಿರಲಿಲ್ಲ. ಹಾಗಾಗಿ ಇಳಿದ 370ನ್ನು ಪೂರ್ತಿ ಬ್ರೀದರ್ ಲೆಕ್ಕಕ್ಕೆ ಬರೆಯಬೇಡಿ. ಉಳಿದ ಮೂರು ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು.

ಸಣ್ಣ_ಓಟ

ವಾರಕ್ಕೊಮ್ಮೆ ದೂರ ಓಡಿಸುವುದು?

ಅಪ್ಪನ_ಕಾರು

ಶುರು ಮಾಡಿದ್ದೇನೆ. ಅಪ್ಪನೂ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಮೂರು ಲೋಟದ ಅಳತೆಯನ್ನೂ ಅವರಿಗೆ ತೋರಿಸಿದೆ. ಕೊನೆಯದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ಗ್ಯಾರೇಜ್_ಕೈ

ನಾಲ್ಕನೇ ಸಿಲಿಂಡರ್ 24 ಇದೆ. ಉಳಿದವಕ್ಕಿಂತ ಸ್ವಲ್ಪ ಕಮ್ಮಿ, ಈಗ ಭಯ ಬೇಡ. ಆಯಿಲನ್ನು ಸ್ವಲ್ಪ ಬೇಗ ಬೇಗ ಬದಲಿಸಿ, ರಿಂಗ್ ಹತ್ತಿರದ ಇಂಗಾಲ ಇನ್ನೂ ಕೂರದ ಹಾಗೆ. ಇನ್ನು 15,000 ಕಿ.ಮೀ. ಆದ ಮೇಲೆ ಅದೇ ಗೇಜ್‌ನಲ್ಲಿ, ಎಂಜಿನ್ ಬಿಸಿ ಇರುವಾಗ ಮತ್ತೆ ಅಳೆಸಿ. 24 ಹಾಗೇ ನಿಂತಿದೆಯಾ, 22ಕ್ಕೆ ಇಳಿದಿದೆಯಾ ಎಂದು ಇಲ್ಲೇ ಬರೆಯಿರಿ.

ಅಪ್ಪನ_ಕಾರು

ಖಂಡಿತ ಬರೆಯುತ್ತೇನೆ ಸರ್. ಈಗ ಮೀಟರ್ 2,43,600.